ಇಪ್ಪತ್ತೊಂಬತ್ತು ಅಂಕಿಗಳ ಒಂದು ಸಂಖ್ಯೆ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಶ್ರಾವಕ ಬಂಧುಗಳು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಇಂತಹ ಪುಣ್ಯಸಮಾರಂಭದಲ್ಲಿ ನಾಲ್ಕು ಮಾತನಾಡಬೇಕೆಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದಾಗ ನಾನು ಹಿಂಜರಿದೆನು. ನಾನು ಪಂಡಿತನಲ್ಲ. ಮೆಟ್ರಿಕ್ಯುಲೇಶನ್ ಮುಗಿಸಿ, ತಂದೆಯವರ ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತವನು. ಭತ್ತ, ಜೋಳ, ಹತ್ತಿಗಳ ತೂಕವನ್ನೂ ರೋಜು ಕಿರ್ದಿಯ ಜಮಾಖರ್ಚನ್ನೂ ನೋಡುತ್ತ ಆಯುಷ್ಯದ ಬಹುಭಾಗವನ್ನು ಕಳೆದವನು. ಸಿದ್ಧಾಂತವನ್ನು ಕುರಿತು ಮಾತನಾಡುವ ಅಧಿಕಾರ ನನಗಿಲ್ಲ. ಆದರೆ ಲೆಕ್ಕವನ್ನು ಕುರಿತು ಸ್ವಲ್ಪ ಮಾತನಾಡಬಲ್ಲೆನು. ನಮ್ಮ ಆಗಮಗಳಲ್ಲಿ ಲೆಕ್ಕವು ಹೇರಳವಾಗಿರುವುದು ನನ್ನ ಭಾಗ್ಯ. ಆದುದರಿಂದ ಇಂದು ಒಂದೇ ಒಂದು ಸಂಖ್ಯೆಯ ವಿಚಾರವನ್ನು ತಮ್ಮ ಮುಂದಿಡುತ್ತೇನೆ. ಇದಕ್ಕೆ ಕಾರಣವಾದ ಒಂದು ಪ್ರಸಂಗವಿದೆ. ಅದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದೆ ದಶಲಕ್ಷಣ ಪರ್ವದ ಒಂದು ಸಂಜೆ ಸ್ವಾಧ್ಯಾಯಕ್ಕೆ ಕುಳಿತಿದ್ದೆವು. ಗೊಮ್ಮಟಸಾರದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಹೇಳುವ ಭಾಗ ಬಂದಿತು. ಅದು ಇಪ್ಪತ್ತೊಂಬತ್ತು ಅಂಕಿಗಳ ಸಂಖ್ಯೆ. ಕಾಲೇಜಿನಲ್ಲಿ ಓದುತ್ತಿದ್ದ ನಮ್ಮವರದೇ ಒಬ್ಬ ಹುಡುಗನು ಎದ್ದುನಿಂತು, “ಕಾಕಾ, ಇಷ್ಟು ಜನ ಎಲ್ಲಿದ್ದಾರೆ? ನಿಲ್ಲಲು ಇವರಿಗೆ ಜಾಗವಾದರೂ ಎಲ್ಲಿದೆ?” ಎಂದು ಕೇಳಿದನು. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದು ಎನ್ನುವುದಕ್ಕೆ ಬದಲಾಗಿ, “ಶಾಸ್ತ್ರವನ್ನು ಪ್ರಶ್ನಿಸಬೇಡ, ಕುಳಿತುಕೋ” ಎಂದು ಗದರಿದೆನು. ಹುಡುಗನು ಕುಳಿತುಕೊಂಡನು, ಮರುದಿನದಿಂದ ಸ್ವಾಧ್ಯಾಯಕ್ಕೆ ಬರಲಿಲ್ಲ. ಇಂದು ಅವನು ಈ ಸಭೆಯಲ್ಲಿದ್ದಾನೆಂದು ತಿಳಿದಿದ್ದೇನೆ. ತಡವಾಗಿಯಾದರೂ ಅವನಿಗೆ ಉತ್ತರ ಕೊಡುವುದು ನನ್ನ ಕರ್ತವ್ಯ.

ಆ ಸಂಖ್ಯೆ ಇದು: 79228162514264337593543950336.

ಇದನ್ನು ಓದುವುದು ಹೇಗೆ? ನಮ್ಮ ನಾಡಿನ ಮಹಾವೀರಾಚಾರ್ಯರು ಸುಮಾರು ಕ್ರಿ.ಶ. 850ರಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿರುವುದು ತಮಗೆ ತಿಳಿದಿದೆ. ಆ ದೊರೆಯ ರಾಜಧಾನಿಯಾದ ಮಾನ್ಯಖೇಟವು ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ. ನಮಗೆ ಬಹಳ ದೂರದ ಊರೇನಲ್ಲ. ಮಹಾವೀರಾಚಾರ್ಯರು ಏಕ, ದಶ, ಶತದಿಂದ ಮೊದಲುಗೊಂಡು ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿದ್ದಾರೆ. ನಮ್ಮ ಸಂಖ್ಯೆಯು ಆ ಇಪ್ಪತ್ತನಾಲ್ಕನ್ನೂ ದಾಟಿ ಇನ್ನೂ ಐದು ಸ್ಥಾನ ಮುಂದೆ ಹೋಗುತ್ತದೆ. ಅವರ ಹೆಸರುಗಳಿಂದ ಹೇಳುವುದಾದರೆ ಇದರಲ್ಲಿ 7,92,281 ಮಹಾಕ್ಷೋಭಗಳಿದ್ದು, ಅದರ ಮೇಲೆ ಇಪ್ಪತ್ತಮೂರು ಅಂಕಿಗಳ ಶೇಷವಿದೆ.

ವ್ಯಾಪಾರಿಗಳಾದ ನಮಗೆ ಕೋಟಿಯ ಲೆಕ್ಕ ಸುಲಭ. ಒಂದು ಕೋಟಿಗೆ ಏಳು ಸೊನ್ನೆಗಳಷ್ಟೆ. ಆದುದರಿಂದ ಬಲಗಡೆಯಿಂದ ಏಳೇಳು ಅಂಕಿಗಳನ್ನು ಒಂದೊಂದು ಕಟ್ಟಾಗಿ ಕಟ್ಟಿದರೆ ಸಂಖ್ಯೆಯು ಹೀಗಾಗುತ್ತದೆ: 7 – 9228162 – 5142643 – 3759354 – 3950336. ಎಂದರೆ ಏಳು ಕೋಟಿ-ಕೋಟಿ-ಕೋಟಿ-ಕೋಟಿ, 92,28,162 ಕೋಟಿ-ಕೋಟಿ-ಕೋಟಿ, 51,42,643 ಕೋಟಿ-ಕೋಟಿ, 37,59,354 ಕೋಟಿ, ಅದರ ಮೇಲೆ 39,50,336. ಮೊದಲಿನ ಈ ‘ಏಳು’ ಎಂಬ ಅಂಕಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಅದರಿಂದಲೇ ಕೆಲಸವಿದೆ.

ಈ ಸಂಖ್ಯೆ ಎಲ್ಲಿಂದ ಬಂದಿತು? ಎರಡರಿಂದ ಪ್ರಾರಂಭಿಸಿ. ಎರಡನ್ನು ಎರಡರಿಂದ ಗುಣಿಸಿದರೆ 4. ಇದು ಮೊದಲನೆಯ ವರ್ಗ. ನಾಲ್ಕನ್ನು ನಾಲ್ಕರಿಂದ ಗುಣಿಸಿದರೆ 16, ಇದು ಎರಡನೆಯದು. ಹೀಗೆಯೇ ಮೂರನೆಯದು 256, ನಾಲ್ಕನೆಯದು 65536, ಐದನೆಯದು 4294967296, ಆರನೆಯದು 18446744073709551616. ಕೊನೆಯ ಮೂರಕ್ಕೆ ನಮ್ಮ ಗ್ರಂಥಗಳಲ್ಲಿ ಪಣ್ಣಟ್ಠಿ, ಬಾದಾಲ, ಏಕಟ್ಠಿ ಎಂಬ ಹೆಸರುಗಳಿವೆ. ಪ್ರಾಕೃತದಲ್ಲಿ ಪಣ್ಣಟ್ಠಿ ಎಂದರೆ ಅರವತ್ತೈದು, ಬಾದಾಲ ಎಂದರೆ ನಲವತ್ತೆರಡು, ಏಕಟ್ಠಿ ಎಂಬುದರಲ್ಲಿ ಒಂದು ಮತ್ತು ಎಂಟು ಸೇರಿವೆ. ಆಯಾ ಸಂಖ್ಯೆಯ ಮೊದಲ ಎರಡು ಅಂಕಿಗಳನ್ನೇ ಹೆಸರಾಗಿ ಕರೆದಿದ್ದಾರೆ. ನಾವು ಅಂಗಡಿಯಲ್ಲಿ ಉದ್ದನೆಯ ಲಾರಿ ನಂಬರನ್ನು ಪೂರ್ತಿಯಾಗಿ ಹೇಳದೆ ಎರಡು ಅಂಕಿಗಳಿಂದ ಕರೆಯುವ ರೂಢಿ ಇದೆಯಲ್ಲವೇ? ಅದೇ ರೀತಿ.

ಐದನೆಯ ವರ್ಗವಾದ ಬಾದಾಲವನ್ನು ಆರನೆಯ ವರ್ಗವಾದ ಏಕಟ್ಠಿಯಿಂದ ಗುಣಿಸಿದರೆ ನಮ್ಮ ಇಪ್ಪತ್ತೊಂಬತ್ತು ಅಂಕಿಗಳ ಸಂಖ್ಯೆ ಬರುತ್ತದೆ. ಏಕಟ್ಠಿಯು ಬಾದಾಲದ ವರ್ಗವೇ ಆಗಿರುವುದರಿಂದ, ಈ ಸಂಖ್ಯೆಯನ್ನು ಬಾದಾಲದ ಘನವೆಂದೂ ಹೇಳಬಹುದು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಐದನೆಯ ವರ್ಗದ ಘನವೆಂದೇ ಹೇಳಿದ್ದಾರೆ.

ಇದನ್ನೇ ಇನ್ನೊಂದು ಬಗೆಯಿಂದ ನೋಡಬಹುದು. ಒಂದು ಸಂಖ್ಯೆಯನ್ನು ಅರ್ಧ, ಅದರ ಅರ್ಧ, ಮತ್ತೆ ಅದರ ಅರ್ಧ ಮಾಡುತ್ತ ಎಷ್ಟು ಸಲಕ್ಕೆ ಒಂದು ಉಳಿಯುವುದೋ ಅಷ್ಟನ್ನು ಅದರ ‘ಅರ್ಧಚ್ಛೇದ’ವೆಂದು ಧವಲಾ ಟೀಕೆಯಲ್ಲಿ ಕರೆದಿದ್ದಾರೆ. ಬಾದಾಲದ ಅರ್ಧಚ್ಛೇದ 32, ಏಕಟ್ಠಿಯದು 64. ಎರಡು ಸಂಖ್ಯೆಗಳನ್ನು ಗುಣಿಸಿದಾಗ ಅವುಗಳ ಅರ್ಧಚ್ಛೇದಗಳು ಕೂಡುತ್ತವೆ. ಆದುದರಿಂದ ನಮ್ಮ ಸಂಖ್ಯೆಯ ಅರ್ಧಚ್ಛೇದ 96. ತೊಂಬತ್ತಾರು ಸಲ ಅರ್ಧ ಮಾಡಿದರೆ ಒಂದು ಉಳಿಯುತ್ತದೆ. ನಡುವೆ ಎಲ್ಲಿಯೂ ಬೆಸ ಸಂಖ್ಯೆ ಬರುವುದಿಲ್ಲ. ಗುಣಾಕಾರವನ್ನು ಸಂಕಲನಕ್ಕೆ ಇಳಿಸುವ ಈ ತತ್ತ್ವವು ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಮುಗಿಸಿದ ಧವಲಾ ಟೀಕೆಯಲ್ಲಿದೆ. ಯೂರೋಪಿನಲ್ಲಿ ನೇಪಿಯರನು ತನ್ನ ಲಾಗರಿದಮ್ ಕೋಷ್ಟಕಗಳನ್ನು ಪ್ರಕಟಿಸಿದುದು 1614ರಲ್ಲಿ. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ; ನೇಪಿಯರನ ಕೋಷ್ಟಕಗಳಿಂದ ಎಲ್ಲ ಸಂಖ್ಯೆಗಳಿಗೂ ಲೆಕ್ಕ ಮಾಡಲು ಸಾಧ್ಯವಾಯಿತು. ಆದರೆ ಮೂಲದ ವಿಚಾರವು ನಮ್ಮ ಆಚಾರ್ಯರಿಗೆ ಅಪರಿಚಿತವಾಗಿರಲಿಲ್ಲ ಎಂಬಷ್ಟನ್ನು ನಿಸ್ಸಂಕೋಚವಾಗಿ ಹೇಳಬಹುದು.

ಬಂಧುಗಳೇ, ಇಷ್ಟು ದೊಡ್ಡ ಸಂಖ್ಯೆಯನ್ನು ಓಲೆಗರಿಯ ಮೇಲೆ ಬರೆದು ಸಾವಿರ ವರ್ಷ ಕಾಪಾಡುವುದು ಹೇಗೆ? ಲಿಪಿಕಾರನ ಕಣ್ಣು ಒಂದು ಕಡೆ ತಪ್ಪಿದರೆ ಸಾಕು, ಸಂಖ್ಯೆ ಕೆಟ್ಟುಹೋಗುತ್ತದೆ. ನೇಮಿಚಂದ್ರರು ಇದಕ್ಕೊಂದು ಉಪಾಯ ಮಾಡಿದ್ದಾರೆ. ಕಟಪಯಾದಿ ಕ್ರಮದಿಂದ ಇಪ್ಪತ್ತೊಂಬತ್ತು ಅಂಕಿಗಳನ್ನು ಇಪ್ಪತ್ತೊಂಬತ್ತು ಅಕ್ಷರಗಳಾಗಿಸಿ ಗಾಹೆಯಲ್ಲಿ ಹೆಣೆದಿದ್ದಾರೆ. ಕ್ರಮ ಬಹಳ ಸುಲಭ. ಕ ಮೊದಲಾಗಿ ಝ ವರೆಗೆ 1ರಿಂದ 9. ಟ ಮೊದಲಾಗಿ ಧ ವರೆಗೆ 1ರಿಂದ 9. ಪ ಮೊದಲಾಗಿ ಮ ವರೆಗೆ 1ರಿಂದ 5. ಯ ಮೊದಲಾಗಿ ಹ ವರೆಗೆ 1ರಿಂದ 8. ಞ ಮತ್ತು ನ ಸೊನ್ನೆ. ಬಿಡಿ ಸ್ಥಾನದಿಂದ ಮೊದಲುಗೊಂಡು ಎಡಕ್ಕೆ ಬರೆಯುತ್ತ ಹೋಗಬೇಕು. ಗಾಹೆಯ ಮೊದಲ ಅಕ್ಷರ ‘ತ’. ಅದು 6, ನಮ್ಮ ಸಂಖ್ಯೆಯ ಕೊನೆಯ ಅಂಕಿ. ಸಂಖ್ಯೆಯನ್ನು ಹೇಳುವ ಅಕ್ಷರಗಳಲ್ಲಿ ಕೊನೆಯದು ‘ಸಾ’; ಅದು 7, ಸಂಖ್ಯೆಯ ಮೊದಲ ಅಂಕಿ. ನಮ್ಮ ಪಾಠಶಾಲೆಯ ಮಕ್ಕಳು ಕನ್ನಡ ವರ್ಣಮಾಲೆಯನ್ನು ಎದುರಿಗಿಟ್ಟುಕೊಂಡು ಅರ್ಧ ಗಂಟೆಯಲ್ಲಿ ಇದನ್ನು ಬಿಡಿಸಬಲ್ಲರು. ಗೊಮ್ಮಟೇಶ್ವರನನ್ನು ಬೆಳ್ಗೊಳದಲ್ಲಿ ನಿಲ್ಲಿಸಿದ ಚಾವುಂಡರಾಯನ ಕಾಲದಲ್ಲಿ, ಅವನ ಗುರುಗಳೇ ಈ ಗಾಹೆಯನ್ನು ಹೆಣೆದರು. 1359ರಲ್ಲಿ ಕೇಶವವರ್ಣಿಗಳು ಗೊಮ್ಮಟಸಾರಕ್ಕೆ ಕನ್ನಡದಲ್ಲಿ ಟೀಕೆ ಬರೆದರು.

ಹೀಗೆ ಬಂದ ಅಂಕಿಗಳು ಸರಿಯಾಗಿವೆಯೇ ಎಂದು ನೋಡುವ ಬಯಕೆ ನನಗಾಯಿತು. ಕ್ಯಾಲ್ಕುಲೇಟರಿನಲ್ಲಿ ಗುಣಿಸಿದೆನು, ಅದು ಮೊದಲ ಕೆಲವು ಅಂಕಿಗಳನ್ನು ತೋರಿಸಿ ಉಳಿದುದನ್ನು ನುಂಗಿಬಿಟ್ಟಿತು. ಅಂಗಡಿ ಮುಚ್ಚಿದ ಮೇಲೆ ಹಳೆಯ ಖಾತೆ ಪುಸ್ತಕದ ಖಾಲಿ ಹಾಳೆಗಳಲ್ಲಿ ಬಾದಾಲವನ್ನು ಏಕಟ್ಠಿಯಿಂದ ಕೈಯಾರೆ ಗುಣಿಸಿದೆನು. ಬಂದ ಉತ್ತರ ಗಾಹೆಗೆ ತಾಳೆಯಾಗಲಿಲ್ಲ. ತಪ್ಪು ಗಾಹೆಯದೋ ನನ್ನದೋ?

ಇಲ್ಲಿ ತಂದೆಯವರು ಕಲಿಸಿದ ಒಂದು ಪಾಠ ನೆನಪಿಗೆ ಬಂದಿತು. ನನಗಾಗ ಇಪ್ಪತ್ತರ ಸುಮಾರು. ಒಂದು ಸಂಜೆ ಕಿರ್ದಿಗೂ ಕೈಸಿಲ್ಕಿಗೂ 540 ರೂಪಾಯಿಯ ವ್ಯತ್ಯಾಸ ಬಂದಿತು. ಪುಸ್ತಕದಲ್ಲಿದ್ದಷ್ಟು ಹಣ ಪೆಟ್ಟಿಗೆಯಲ್ಲಿರಲಿಲ್ಲ. ಪೆಟ್ಟಿಗೆಯ ಬಳಿ ಕುಳಿತಿದ್ದವರು ನಮ್ಮಲ್ಲಿ ಬಹುಕಾಲದಿಂದಿದ್ದ ಹಿರಿಯ ಗುಮಾಸ್ತರು. ನಾನು ಯೌವನದ ದುಡುಕಿನಿಂದ, ಹಮಾಲರೆಲ್ಲ ಕೇಳುವಂತೆ, “ಹಣ ಎಲ್ಲಿ ಹೋಯಿತು?” ಎಂದು ಅವರನ್ನು ಕೇಳಿದೆನು. ಅವರು ಒಂದು ಮಾತನ್ನೂ ಆಡದೆ ಹೆಗಲ ಮೇಲಿನ ವಸ್ತ್ರವನ್ನು ತೆಗೆದುಕೊಂಡು ಮನೆಗೆ ಹೋದರು. ರಾತ್ರಿ ತಂದೆಯವರು ಬಂದು, “540ರ ಅಂಕಿಗಳನ್ನು ಕೂಡಿಸು” ಎಂದರು. ಒಂಬತ್ತು. “ಒಂಬತ್ತರಿಂದ ಭಾಗವಾಗುವ ವ್ಯತ್ಯಾಸ ಬಂದರೆ ಕಳ್ಳನನ್ನು ಹುಡುಕುವ ಮೊದಲು ಹಿಂದುಮುಂದಾದ ಅಂಕಿಗಳನ್ನು ಹುಡುಕು” ಎಂದರು. ಹುಡುಕಿದೆವು. 5,283 ಎಂದು ಬರೆಯಬೇಕಾದ ಕಡೆ 5,823 ಎಂದಿತ್ತು. ಅಕ್ಷರ ನನ್ನದೇ ಆಗಿತ್ತು. ಆ ರಾತ್ರಿಯೇ ಗುಮಾಸ್ತರ ಮನೆಗೆ ಹೋಗಿ ಕಾಲು ಹಿಡಿದೆನು. ಅವರು ಕ್ಷಮಿಸಿದರು, ಕೆಲಸಕ್ಕೂ ಬಂದರು. ಆದರೆ ಹಮಾಲರ ಎದುರಿನಲ್ಲಿ ಆಡಿದ ಮಾತನ್ನು ನಾನು ಹಿಂದಕ್ಕೆ ಪಡೆಯಲಾಗಲಿಲ್ಲ. ತಾಳೆ ನೋಡದ ಲೆಕ್ಕವೂ ಒಂದು ಬಗೆಯ ಹಿಂಸೆ ಎಂಬುದನ್ನು ಅಂದು ಕಲಿತೆನು.

ಈಗ ನಮ್ಮ ಸಂಖ್ಯೆಗೆ ಬರೋಣ. ಯಾವುದೇ ಸಂಖ್ಯೆಯನ್ನು ಒಂಬತ್ತರಿಂದ ಭಾಗಿಸಿದರೆ ಉಳಿಯುವ ಶೇಷವೂ, ಅದರ ಅಂಕಿಗಳನ್ನು ಕೂಡಿಸಿ ಒಂಬತ್ತರಿಂದ ಭಾಗಿಸಿದರೆ ಉಳಿಯುವ ಶೇಷವೂ ಒಂದೇ. ಬಾದಾಲದ ಅಂಕಿಗಳ ಮೊತ್ತ 58. ಐದೂ ಎಂಟೂ ಹದಿಮೂರು, ಒಂದೂ ಮೂರೂ ನಾಲ್ಕು. ನಾಲ್ಕರ ಘನ 64. ಆರೂ ನಾಲ್ಕೂ ಹತ್ತು, ಎಂದರೆ ಒಂದು. ಆದುದರಿಂದ ಬಾದಾಲದ ಘನದಲ್ಲಿಯೂ ಕೊನೆಗೆ ಒಂದು ಉಳಿಯಲೇಬೇಕು. ನನ್ನ ಗುಣಾಕಾರದ ಉತ್ತರದಲ್ಲಿ ನಾಲ್ಕು ಉಳಿಯಿತು. ಗಾಹೆಯ ಇಪ್ಪತ್ತೊಂಬತ್ತು ಅಂಕಿಗಳನ್ನು ಕೂಡಿಸಿದೆನು: ಮೊತ್ತ 127, ಒಂದೂ ಎರಡೂ ಏಳೂ ಹತ್ತು, ಎಂದರೆ ಒಂದು. ತಪ್ಪು ನನ್ನದೇ ಆಗಿತ್ತು. ಒಂದು ಸಾಲಿನಲ್ಲಿ ದಶಕವನ್ನು ಕೂಡಿಸಲು ಮರೆತಿದ್ದೆನು.

ಆದರೆ ಒಂಬತ್ತರ ತಾಳೆಗೆ ಒಂದು ದೋಷವಿದೆ. ಅಂಕಿಗಳು ಹಿಂದುಮುಂದಾದರೆ ಮೊತ್ತ ಬದಲಾಗುವುದಿಲ್ಲ. ಆದುದರಿಂದ ಅದಕ್ಕೆ ಆ ತಪ್ಪು ಕಾಣುವುದೇ ಇಲ್ಲ. ಅದಕ್ಕೆ ಹನ್ನೊಂದರ ತಾಳೆ ಬೇಕು. ಬಲಗಡೆಯಿಂದ ಬೆಸ ಸ್ಥಾನಗಳ ಅಂಕಿಗಳನ್ನು ಒಂದು ಕಡೆ, ಸರಿ ಸ್ಥಾನಗಳ ಅಂಕಿಗಳನ್ನು ಇನ್ನೊಂದು ಕಡೆ ಕೂಡಿಸಬೇಕು. ನಮ್ಮ ಸಂಖ್ಯೆಯಲ್ಲಿ ಬೆಸ ಸ್ಥಾನಗಳ ಮೊತ್ತ 79, ಸರಿ ಸ್ಥಾನಗಳದು 48, ವ್ಯತ್ಯಾಸ 31. ಹನ್ನೊಂದರಿಂದ ಭಾಗಿಸಿದರೆ ಶೇಷ 9. ಅತ್ತ ಎರಡನ್ನು ಹತ್ತು ಸಲ ಗುಣಿಸಿದಾಗ ಬರುವ 1024ರಲ್ಲಿ ಹನ್ನೊಂದು ಕಳೆಯುತ್ತ ಹೋದರೆ ಒಂದು ಉಳಿಯುತ್ತದೆ. ತೊಂಬತ್ತಾರರಲ್ಲಿ ಹತ್ತರ ಒಂಬತ್ತು ಕಟ್ಟುಗಳು ಹೋಗಿ ಆರು ಉಳಿಯುತ್ತವೆ. ಎರಡನ್ನು ಆರು ಸಲ ಗುಣಿಸಿದರೆ 64. ಹನ್ನೊಂದರಿಂದ ಭಾಗಿಸಿದರೆ ಶೇಷ 9. ಎರಡೂ ತಾಳೆಯಾಯಿತು. ಬಳಿಕ ಗುಣಾಕಾರವನ್ನು ತಿದ್ದಿದಾಗ ಅಂಕಿಗೆ ಅಂಕಿ ಸರಿಹೊಂದಿತು.

ಮಸ್ಕಿಯ ಬಂಧುಗಳು ಒಂದು ಮಾತನ್ನು ಗಮನಿಸಬೇಕು. ತಮ್ಮ ಊರಿನ ಬೆಟ್ಟದಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನದಿಂದ ಅಶೋಕನ ಹೆಸರು ಲೋಕಕ್ಕೆ ಸ್ಪಷ್ಟವಾಯಿತು. ಅಲ್ಲಿ ಸವೆದ ಅಕ್ಷರಗಳನ್ನು ಬೇರೆ ಊರುಗಳ ಶಾಸನಗಳೊಡನೆ ಹೋಲಿಸಿ ತುಂಬಿಕೊಳ್ಳಬಹುದು. ಸಂಖ್ಯೆಯಲ್ಲಿ ಒಂದು ಅಂಕಿ ಸವೆದರೆ ಏನು ಗತಿ? ನಮ್ಮ ಸಂಖ್ಯೆಯಲ್ಲಿ 8 ಎಂಬ ಅಂಕಿಯೊಂದು ಅಳಿಸಿಹೋಯಿತೆಂದುಕೊಳ್ಳಿ. ಉಳಿದವುಗಳ ಮೊತ್ತ 119. ಕೂಡಿಸಿದರೆ 11, ಮತ್ತೆ ಕೂಡಿಸಿದರೆ 2. ಕೊನೆಗೆ ಒಂದು ಬರಬೇಕು. ಎರಡಕ್ಕೆ ಎಂಟು ಸೇರಿದರೆ ಮಾತ್ರ ಹತ್ತಾಗಿ ಒಂದು ಬರುತ್ತದೆ. ಅಳಿಸಿದ ಅಂಕಿ ತಾನಾಗಿಯೇ ಮರಳಿ ಬಂದಿತು! ಅಳಿದುದು ಸೊನ್ನೆಯೋ ಒಂಬತ್ತೋ ಎಂಬಲ್ಲಿ ಮಾತ್ರ ಸಂದೇಹ ಉಳಿಯುತ್ತದೆ. ಅದನ್ನು ಹನ್ನೊಂದರ ತಾಳೆಯು ಬಿಡಿಸುತ್ತದೆ.

ಇನ್ನು ಆ ಹುಡುಗನ ಪ್ರಶ್ನೆ. ಇಷ್ಟು ಜನಕ್ಕೆ ಜಾಗ ಎಲ್ಲಿ?

ವಿಶ್ವಸಂಸ್ಥೆಯ ಎಣಿಕೆಯಂತೆ ಲೋಕದ ಜನಸಂಖ್ಯೆಯು 2022ರ ನವೆಂಬರಿನಲ್ಲಿ 800 ಕೋಟಿ ಮುಟ್ಟಿತು. ನಮ್ಮ ಸಂಖ್ಯೆಯ ಮುಂದೆ ಅದು ಏನೂ ಅಲ್ಲ. ಸಾಗರಗಳೂ ಸೇರಿದಂತೆ ಭೂಮಿಯ ಮೇಲ್ಮೈ ಸುಮಾರು 51 ಕೋಟಿ ಚದರ ಕಿಲೋಮೀಟರು. ಅದರ ಮೇಲೆ ನಮ್ಮ ಸಂಖ್ಯೆಯಷ್ಟು ಜನರನ್ನು ಹಂಚಿದರೆ ಒಂದೊಂದು ಚದರ ಮಿಲಿಮೀಟರಿಗೆ ಹದಿನೈದು ಕೋಟಿಗೂ ಹೆಚ್ಚು ಜನರಾಗುತ್ತಾರೆ. ಆಗಮದ ಮನುಷ್ಯಲೋಕವು ಈ ಭೂಮಿಯಷ್ಟೇ ಅಲ್ಲ, ನಲವತ್ತೈದು ಲಕ್ಷ ಯೋಜನ ವಿಸ್ತಾರದ ಎರಡೂವರೆ ದ್ವೀಪವೆಂದು ನಾವು ಉತ್ತರ ಕೊಡಬಹುದು. ಆದರೆ ಆ ಉತ್ತರ ಸಾಕೇ?

ನನ್ನನ್ನು ನಾಚಿಸಿದ ಸಂಗತಿ ಇದು. ಆ ಹುಡುಗನ ಪ್ರಶ್ನೆಯನ್ನು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ವೀರಸೇನಾಚಾರ್ಯರು ಕೇಳಿದ್ದಾರೆ! ಪರ್ಯಾಪ್ತ ಮನುಷ್ಯರ ಸಂಖ್ಯೆಯು ಕೋಟಿ-ಕೋಟಿ-ಕೋಟಿಗಿಂತ ಮೇಲೆ, ಕೋಟಿ-ಕೋಟಿ-ಕೋಟಿ-ಕೋಟಿಗಿಂತ ಕೆಳಗೆ ಎಂಬುದು ಷಟ್ಖಂಡಾಗಮದ ಸೂತ್ರದ ಮಾತು. ಕೋಟಿಯನ್ನು ನಾಲ್ಕು ಸಲ ಗುಣಿಸಿದರೆ ಒಂದರ ಮುಂದೆ ಇಪ್ಪತ್ತೆಂಟು ಸೊನ್ನೆಗಳು; ಅದಕ್ಕೂ ಇಪ್ಪತ್ತೊಂಬತ್ತು ಸ್ಥಾನಗಳೇ. ಸ್ಥಾನಗಳನ್ನು ಮಾತ್ರ ಎಣಿಸುವವನಿಗೆ ಎರಡೂ ಸಮವಾಗಿ ಕಾಣುತ್ತವೆ. ಆದರೆ ನಾನು ನೆನಪಿನಲ್ಲಿಡಿರೆಂದ ಆ ‘ಏಳ’ನ್ನು ನೋಡಿ. ನಮ್ಮ ಸಂಖ್ಯೆಯು ಸೂತ್ರದ ಮೇರೆಯನ್ನು ಹೆಚ್ಚುಕಡಿಮೆ ಎಂಟು ಪಾಲು ಮೀರಿದೆ. ವೀರಸೇನರು ಇದನ್ನು ಗಮನಿಸಿದರು. ಮನುಷ್ಯಕ್ಷೇತ್ರದ ವಿಸ್ತಾರವನ್ನು ಲೆಕ್ಕಹಾಕಿ, ಅಷ್ಟು ಜನ ಅಲ್ಲಿ ಹಿಡಿಸಲಾರರೆಂದು ತೋರಿಸಿ, ಈ ಸಂಖ್ಯೆಯನ್ನು ಹೇಳುವ ಆಚಾರ್ಯರ ಮತವನ್ನು ಒಪ್ಪಲಿಲ್ಲ. 1942ರಲ್ಲಿ ಅಚ್ಚಾದ ಧವಲಾದ ನಾಲ್ಕನೆಯ ಸಂಪುಟದಲ್ಲಿ ಗಣಿತಜ್ಞ ಅವಧೇಶ ನಾರಾಯಣ ಸಿಂಗರು ಈ ವಿಚಾರವನ್ನು ವಿವರಿಸಿದ್ದಾರೆ.

ಇದಾದ ಸುಮಾರು ನೂರರವತ್ತು ವರ್ಷಗಳ ಮೇಲೆ ನೇಮಿಚಂದ್ರರು ಅದೇ ಸಂಖ್ಯೆಯನ್ನು ಗೊಮ್ಮಟಸಾರದಲ್ಲಿ ಹೇಳಿದರು. ಎರಡು ಮತಗಳೂ ಉಳಿದವು. ಒಂದರ ಸಲುವಾಗಿ ಇನ್ನೊಂದನ್ನು ಯಾರೂ ಸುಡಲಿಲ್ಲ, ಮುಚ್ಚಿಡಲಿಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ಓಲೆಗರಿಗಳು ಧವಲಾವನ್ನು ಕಾಪಾಡಿದವು.  ಯಾವುದು ಸರಿ ಎಂದು ತೀರ್ಪು ಕೊಡುವುದು ಪಂಡಿತರಿಗೆ ಬಿಟ್ಟ ಕೆಲಸ. ನಾನು ಹೇಳುವುದಿಷ್ಟು: ಪರೀಕ್ಷಿಸುವುದು ಅಶ್ರದ್ಧೆಯಲ್ಲ. ವೀರಸೇನರಿಗಿಂತ ಹೆಚ್ಚಿನ ಶ್ರದ್ಧಾವಂತರು ನಾವಾರೂ ಅಲ್ಲ. ಆದರೂ ಅವರು ತಾಳೆ ನೋಡಿದರು. ಅವರು ಎದ್ದುನಿಂತು ಕೇಳಿದ ಪ್ರಶ್ನೆಯನ್ನೇ ನಮ್ಮ ಹುಡುಗನು ಕೇಳಿದಾಗ ನಾನು ಅವನನ್ನು ಕುಳ್ಳಿರಿಸಿದೆನು. ತಾಳೆ ನೋಡದೆ ಗುಮಾಸ್ತರ ಮೇಲೆ ಹರಿಹಾಯ್ದ ತಪ್ಪನ್ನೇ ಮೂವತ್ತು ವರ್ಷಗಳ ಮೇಲೆ ಇನ್ನೊಮ್ಮೆ ಮಾಡಿದೆನು. ಅಂದು ಹಮಾಲರ ಎದುರಿನಲ್ಲಿ ಆಡಿದ ಮಾತಿಗೆ ಅವರ ಎದುರಿನಲ್ಲಿಯೇ ಕ್ಷಮೆ ಕೇಳಲಿಲ್ಲವೆಂಬ ಕೊರಗು ನನಗೆ ಇಂದಿಗೂ ಇದೆ. ಆದುದರಿಂದ ಇಂದು, ಸಭೆಯ ಎದುರಿನಲ್ಲಿ ಗದರಿದ ಮಾತಿಗೆ ಸಭೆಯ ಎದುರಿನಲ್ಲಿಯೇ ಆ ಚಿರಂಜೀವಿಯಲ್ಲಿ ಕ್ಷಮೆ ಬೇಡುತ್ತೇನೆ.

ಬಂಧುಗಳೇ, ಹೊಸ ಬಸದಿಯು ಶಿಲೆ, ಇಟ್ಟಿಗೆ, ಸುಣ್ಣಗಳಿಂದ ಎದ್ದುನಿಂತಿದೆ. ಮೂರೂ ಊರುಗಳ ದಾನಿಗಳ ಹಣದ ಲೆಕ್ಕವನ್ನು ಸಮಿತಿಯು ಸಭೆಯ ಮುಂದಿಟ್ಟಿದೆ. ಅದನ್ನು ಎಲ್ಲರೂ ತಾಳೆ ನೋಡಿರಿ. ಅದರಿಂದ ಯಾರಿಗೂ ಅಪಮಾನವಿಲ್ಲ. ಅಂತೆಯೇ ಈ ಬಸದಿಯ ಪಾಠಶಾಲೆಯಲ್ಲಿ ಸ್ತೋತ್ರಗಳ ಜೊತೆಗೆ ಈ ಇಪ್ಪತ್ತೊಂಬತ್ತು ಅಕ್ಷರಗಳ ಗಾಹೆಯನ್ನೂ, ಒಂಬತ್ತರ ಮತ್ತು ಹನ್ನೊಂದರ ತಾಳೆಯನ್ನೂ ಮಕ್ಕಳಿಗೆ ಕಲಿಸಬೇಕೆಂದು ನನ್ನ ಬಿನ್ನಹ. ಮಕ್ಕಳು ಪ್ರಶ್ನೆ ಕೇಳಿದರೆ ನಿಂತೇ ಕೇಳಲಿ. ನಮಗೆ ಉತ್ತರ ತಿಳಿಯದಿದ್ದರೆ ತಿಳಿಯದೆನ್ನೋಣ. ಮರುದಿನ ಓದಿಕೊಂಡು ಬಂದು ಹೇಳೋಣ.

ಕಲಿಸಲು ಯಾರೂ ಸಿಕ್ಕದಿದ್ದರೆ, ಅಂಗಡಿ ಮುಚ್ಚಿದ ಮೇಲೆ ಸಂಜೆಯ ಹೊತ್ತು ನಾನು ಬರುತ್ತೇನೆ. ಜೊತೆಗೆ ಆ ಹುಡುಗನೂ ಬರುವುದಾದರೆ ನನಗೆ ಅದಕ್ಕಿಂತ ಹೆಚ್ಚಿನ ಸಂತೋಷವಿಲ್ಲ.

ನನ್ನ ಮಾತಿನಲ್ಲಿ ತಪ್ಪಿದ್ದರೆ ಹಿರಿಯರು ತಿದ್ದಬೇಕು.